ಮೇಲಿನ ಮನೆ ಮೇಡಂ ಮತ್ತು ಹೊಳೆಯಬಾರದ ನರ

ಮೇಲಿನ ಮನೆಯ ಮೇಡಂ ನಿವೃತ್ತರಾಗಿ ಹನುಮಂತನಗರಕ್ಕೆ, ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಅವರ ಲ್ಯಾಬಿನ ಹುಡುಗರು ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ. ನೆರೆಹೊರೆಯವರ ಪರವಾಗಿ ನೀವೊಂದು ಪುಟ ಬರೆದುಕೊಡಿ ಆಂಟಿ, ಅವರ ಜೊತೆ ಕಳೆದ ಸಿಹಿ ಗಳಿಗೆಗಳಿದ್ದರೆ ಸಾಕು ಎಂದು ಫೋನು ಮಾಡಿದರು. ಆಗಲಿ ಎಂದು ಊಟದ ಮೇಜಿನ ಮುಂದೆ ಕುಳಿತೆ. ಸಿಹಿ ಗಳಿಗೆ ಒಂದೂ ತಲೆಗೆ ಬರಲಿಲ್ಲ. ಬಂದದ್ದೆಲ್ಲ ಅವರು ನನ್ನ ತಲೆ ತಿಂದ ಗಳಿಗೆಗಳು. ಆ ಪುಸ್ತಕಕ್ಕೆ ಮರ್ಯಾದೆಯಾಗಿ ನಾಲ್ಕು ಸಾಲು ಬರೆದು ಕಳಿಸಿದ್ದಾಯಿತು. ಉಳಿದದ್ದು ಇದು.

ನಮ್ಮದು ಜೆ.ಪಿ. ನಗರದಲ್ಲಿ, ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯಲ್ಲಿರುವ ಚಿಕ್ಕ ಅಪಾರ್ಟ್‌ಮೆಂಟು. ನಾವು ಬಂದಾಗಲೇ ಮೇಡಂ ಮೇಲಿನ ಮನೆಯಲ್ಲಿದ್ದರು. ಮದುವೆಯಾದವರಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಸೆರಗು ಭುಜದ ಮೇಲೆ ಎರಡು ಕಡೆ ಪಿನ್ನು. ಮೈಕ್ರೋಸ್ಕೋಪಿನ ಮೇಲೆ ಬೀಳಬಾರದಲ್ಲ, ಅದಕ್ಕೆ. ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ಸದಾ ಏನನ್ನೋ ಚಿಟಿಕೆಯಲ್ಲಿ ಹಿಡಿದ ಹಾಗೆ ಸೇರಿಕೊಂಡೇ ಇರುತ್ತಿದ್ದವು. ಮಾತನಾಡುವಾಗ ನಮ್ಮ ಮುಖವನ್ನು ನೋಡುತ್ತಿರಲಿಲ್ಲ, ಮುಖದ ಪಕ್ಕದಲ್ಲಿ ಏನೋ ಇರುವಂತೆ ಅದನ್ನೇ ನೋಡುತ್ತಿದ್ದರು. ನನ್ನ ಓಲೆ ಜಾರಿದೆಯೇನೋ ಎಂದು ಎಷ್ಟೋ ಸಲ ಕಿವಿ ಮುಟ್ಟಿ ನೋಡಿಕೊಂಡಿದ್ದೇನೆ.

ಮೊದಲ ಸಲ ಅವರಿಗೆ ಊಟಕ್ಕೆ ಹೇಳಿದಾಗ, ಎಲ್ಲರೂ ಕೇಳುವಂತೆ ನಾನೂ ಸಾಂಬಾರು ಚೆನ್ನಾಗಿದೆಯಾ ಎಂದು ಕೇಳಿದೆ.

"ಯಾವುದಕ್ಕೆ ಹೋಲಿಸಿದ್ರೆ?" ಎಂದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಅತಿಥಿಗಳ ಮುಂದೆ ಹೇಗೆ ಕೂರಬೇಕು, ಚಮಚ ಎಲ್ಲಿಡಬೇಕು ಎಲ್ಲ ಕಲಿಸಿದ್ದರು. ಇದಕ್ಕೆ ಏನು ಹೇಳಬೇಕೆಂದು ಕಲಿಸಿರಲಿಲ್ಲ. ಇನ್ನೊಂದು ಸೌಟು ಬಡಿಸಿದೆ.

ಅವರು ಕೆಲಸ ಮಾಡುತ್ತಿದ್ದುದು ಒಂದು ಸಂಶೋಧನಾ ಸಂಸ್ಥೆಯಲ್ಲಿ, ನರಗಳ ಮೇಲೆ. ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ಕೈ ಜೋಮು ಹಿಡಿದವರು, ಕಾಲು ಉರಿ ಇದ್ದವರು ಎಲ್ಲ ಲಿಫ್ಟಿನಲ್ಲಿ ಅವರನ್ನು ಹಿಡಿಯುತ್ತಿದ್ದರು. ನನಗೆ ಇಲಿಗಳ ನರ ಗೊತ್ತು, ನಿಮ್ಮದು ಗೊತ್ತಿಲ್ಲ ಎಂದು ಹೇಳಿ ಮೇಡಂ ತಮ್ಮ ಮಹಡಿಯಲ್ಲಿ ಇಳಿದುಬಿಡುತ್ತಿದ್ದರು. ನನ್ನ ಅತ್ತೆಯವರು ಮಾತ್ರ ಬಿಡಲಿಲ್ಲ. ಅವರ ಮಂಡಿನೋವಿಗೆ ಉತ್ತರಹಳ್ಳಿಯಿಂದ ಯಾರೋ ಕಾಯಿಸಿದ ಎಣ್ಣೆ ತಂದುಕೊಟ್ಟಿದ್ದರು. ಹಚ್ಚಬಹುದೇ ಎಂದು ಮೇಡಮ್ಮನ್ನು ಕೇಳಿದರು.

"ಹಚ್ಚಿ. ಆದ್ರೆ ಒಂದೇ ಮಂಡಿಗೆ ಹಚ್ಚಿ. ಇನ್ನೊಂದನ್ನ ಹಾಗೇ ಬಿಡಿ."

"ಬಿಟ್ಟಿದ್ದು ಏನು ಪಾಪ ಮಾಡಿತ್ತಮ್ಮ?"

"ಪಾಪ ಏನಿಲ್ಲ. ಅದು ಸಾಕ್ಷಿ."

ಅತ್ತೆ ಬಾಗಿಲು ಹಾಕಿಕೊಂಡು ಎರಡಕ್ಕೂ ಹಚ್ಚಿಕೊಂಡರು. ಮೇಡಂ ಬಂದು ವಿಚಾರಿಸಿದಾಗ ಎಡದ್ದು ಪರವಾಗಿಲ್ಲ, ಬಲದ್ದು ಹಾಗೇ ಇದೆ ಎಂದು ಗಂಭೀರವಾಗಿ ಹೇಳಿದರು. ಮೇಡಂ ಬಗ್ಗಿ ಎರಡು ಮಂಡಿಯನ್ನೂ ಮೂಸಿದರು. ಎದ್ದುಹೋದರು. ಅತ್ತೆಗೆ ಅವತ್ತಿನಿಂದ ಅವರನ್ನು ಕಂಡರಾಗದು.

ನೀರಿನ ಪ್ರಸಂಗ ಇನ್ನೂ ದೊಡ್ಡದು. ಒಂದು ಬೇಸಿಗೆಯಲ್ಲಿ ಮಕ್ಕಳಿಗೆಲ್ಲ ಹೊಟ್ಟೆ ಕೆಟ್ಟು, ನಮ್ಮ ಸಂಪಿನ ನೀರನ್ನು ಪರೀಕ್ಷೆಗೆ ಕಳಿಸುವುದೆಂದಾಯಿತು. ಕಳಿಸುವ ಹೊಣೆ ಮೇಡಂ ಹೊತ್ತು, ಎರಡು ಬಾಟಲಿ ಕಳಿಸಿದರು. ಎರಡೂ ಬಾಟಲಿಯ ನೀರು ಕೆಟ್ಟಿದೆ ಎಂದು ವರದಿ ಬಂತು. ಸಂಪು ಒಡೆಸಿ ಹೊಸದಾಗಿ ಕಟ್ಟಿಸಬೇಕೆಂದು ಸಭೆಯಲ್ಲಿ ಎಲ್ಲರೂ ಒಪ್ಪಿ, ಕೆಲಸದವರಿಗೂ ಹೇಳಿದ ಮೇಲೆ ಮೇಡಂ ಕೈಯೆತ್ತಿದರು. ಎರಡನೆಯ ಬಾಟಲಿಯಲ್ಲಿ ತಾವು ತುಂಬಿಸಿದ್ದು ಅಂಗಡಿಯ ಸೀಲು ಮಾಡಿದ ನೀರು, ಅದನ್ನೂ ಕೆಟ್ಟಿದೆ ಎಂದವರ ಮಾತನ್ನು ನಂಬುವುದು ಹೇಗೆ ಎಂದರು. ಹಾಗಾದರೆ ನಮ್ಮ ನೀರು ಒಳ್ಳೆಯದಾ ಎಂದು ಸೆಕ್ರೆಟರಿ ಕೇಳಿದರು. ಅದೂ ಗೊತ್ತಿಲ್ಲ ಎಂದರು ಮೇಡಂ. ಎಲ್ಲರೂ ಎದ್ದು ಹೋದರು. ಮಳೆಗಾಲ ಮುಗಿಯುವ ತನಕ ನಾನು ನೀರು ಕಾಯಿಸಿ, ಆರಿಸಿ, ಸೋಸಿ, ಆ ಹೆಂಗಸನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಇಂಥವರ ಹತ್ತಿರ ನನ್ನ ಮಗಳು ಅನು ಪಿಎಚ್‌ಡಿಗೆ ಸೇರುತ್ತೇನೆ ಎಂದಾಗ ನನ್ನ ಸ್ಥಿತಿ ಊಹಿಸಿಕೊಳ್ಳಿ. ಶಾಲೆಯಲ್ಲಿದ್ದಾಗಿನಿಂದ ಬಯಾಲಜಿ ಹೇಳಿಸಿಕೊಳ್ಳಲು ಮೇಲೆ ಹೋಗುತ್ತಿದ್ದಳು. ಎರಡು ಪಾಠ ಹೇಳಿಸಿಕೊಂಡು ಬರುವವಳಂತೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಳು.

ಅವಳ ಕೆಲಸ ಏನೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನರ ಎಂದರೆ ಕರೆಂಟಿನ ವೈರಿನ ಹಾಗೆ. ಮೇಲೆ ಒಂದು ಹೊದಿಕೆ ಪದರ ಪದರವಾಗಿ ಸುತ್ತಿಕೊಂಡಿರುತ್ತದೆ, ಅದಕ್ಕೆ ಮಯಲಿನ್ ಎನ್ನುತ್ತಾರೆ. ಆ ಹೊದಿಕೆಯಲ್ಲಿ ಒಂದು ಪ್ರೋಟೀನು ಇರುತ್ತದೆ. ಪೆಟ್ಟು ಬಿದ್ದ ನರ ಮತ್ತೆ ಹೊದಿಕೆ ಕಟ್ಟಿಕೊಳ್ಳುವಾಗ ಆ ಪ್ರೋಟೀನು ಮತ್ತೆ ಹುಟ್ಟಬೇಕು. ವಯಸ್ಸಾದ ಪ್ರಾಣಿಗಳಲ್ಲಿ ಇದು ತಡ ಎಂದು ಎಲ್ಲರೂ ಹೇಳುತ್ತಿದ್ದರು. ಅನು ಮುದಿ ಚಿಟ್ಟಿಲಿಗಳಲ್ಲಿ ಅದು ಬೇಗನೇ ಹುಟ್ಟುವುದನ್ನು ಕಂಡಳು.

ಕಾಣಿಸುವುದು ಆಂಟಿಬಾಡಿ ಎಂಬ ಒಂದು ವಸ್ತುವಿನಿಂದ. ಕಿರುಬೆರಳಿನ ತುದಿಯಷ್ಟು ಕೊಳವೆ, ತಳದಲ್ಲಿ ಕಣ್ಣೀರಿನಷ್ಟು ದ್ರವ. ಅದು ನರದ ತೆಳು ಪದರದಲ್ಲಿ ಆ ಪ್ರೋಟೀನು ಎಲ್ಲಿದೆಯೋ ಹುಡುಕಿಕೊಂಡು ಹೋಗಿ ಹಿಡಿದುಕೊಳ್ಳುತ್ತದೆ. ಆದರೆ ತಾನಾಗಿ ಹೊಳೆಯುವುದಿಲ್ಲ. ಅದರ ಬೆನ್ನು ಹಿಡಿಯಲು ಬಣ್ಣ ಕಟ್ಟಿದ ಎರಡನೆಯ ಆಂಟಿಬಾಡಿಯನ್ನು ಕಳಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಹಸಿರು ಹೊಳೆದರೆ ಪ್ರೋಟೀನು ಅಲ್ಲಿದೆ ಎಂದರ್ಥ. ಅದನ್ನು ಮೇಡಂ ಎಷ್ಟು ಜೋಪಾನ ಮಾಡುತ್ತಿದ್ದರೆಂದರೆ, ಒಮ್ಮೆ ಬಳಸಿದ್ದನ್ನೂ ಚೆಲ್ಲಗೊಡದೆ ಮತ್ತೆ ಕೊಳವೆಗೆ ತುಂಬಿಸಿ ಇಡಿಸುತ್ತಿದ್ದರಂತೆ. ಕರಿದ ಎಣ್ಣೆಯನ್ನು ನಾನು ಸೋಸಿಟ್ಟರೆ ಮೂಗು ಮುರಿಯುವ ಮಗಳು ಇದನ್ನು ಭಕ್ತಿಯಿಂದ ಹೇಳುತ್ತಿದ್ದಳು.

ಅನುವಿನ ನರಗಳು ಝಗ್ಗೆಂದು ಹೊಳೆದವು. ಫೋನಿನಲ್ಲಿ ಚಿತ್ರ ತೋರಿಸಿದಳು, ಪಾಚಿ ಕಟ್ಟಿದ ಕೆರೆಗೆ ಬಿಸಿಲು ಬಿದ್ದ ಹಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ ಕೇಕು ತಿಂದರು. ಬನಶಂಕರಿಯ ಒಂದು ಕಾಲೇಜಿನಲ್ಲಿ ಅವಳಿಗೆ ಖಾಯಂ ಕೆಲಸ ಕೊಡಲು ಒಪ್ಪಿದ್ದರು. ಹೊಸ ಶೈಕ್ಷಣಿಕ ವರ್ಷದ ತರಗತಿ ಶುರುವಾಗುವ ಮೊದಲು ಪ್ರಬಂಧ ಸಲ್ಲಿಸಿರಬೇಕು, ಅಷ್ಟೇ ಷರತ್ತು. ಸಲ್ಲಿಸಲು ಬೇಕಾದದ್ದು ಮೇಡಂ ಸಹಿ.

ಮೇಡಂ ಚಿತ್ರಗಳನ್ನು ಬಹಳ ಹೊತ್ತು ನೋಡಿ, ಇಷ್ಟು ಚೆನ್ನಾಗಿ ಬಂದರೆ ನನಗೆ ಅನುಮಾನ ಎಂದರಂತೆ.

ಅವರಿಗೆ ಬೇಕಾಗಿದ್ದುದು ನಡುಗುವ ಚಿಟ್ಟಿಲಿ. ಅಂಥದ್ದೊಂದು ತಳಿ ಇದೆಯಂತೆ. ಹುಟ್ಟಿನಿಂದಲೇ ಅದರಲ್ಲಿ ಆ ಪ್ರೋಟೀನು ಇಲ್ಲ, ಹಾಗಾಗಿ ನಡೆಯುವಾಗ ಮೈ ನಡುಗುತ್ತದೆ, ಪಾಪ. ಆ ಇಲಿಯ ನರಕ್ಕೂ ಅದೇ ರೀತಿ ಪೆಟ್ಟು ಮಾಡಿ, ಅದೇ ಆಂಟಿಬಾಡಿ ಹಾಕಿ ನೋಡಬೇಕು. ಪ್ರೋಟೀನೇ ಇಲ್ಲದ ಮೇಲೆ ಹೊಳೆಯಬಾರದು. ಇಂಥ ಸಾಕ್ಷಿ ಪರೀಕ್ಷೆಗೆ ಅವರು ಕಂಟ್ರೋಲು ಎನ್ನುತ್ತಾರಂತೆ. ಆ ತಳಿ ನಮ್ಮೂರಿನಲ್ಲಿರಲಿಲ್ಲ. ಬೇರೆ ಊರಿನ ಲ್ಯಾಬಿಗೆ ಬರೆದು, ಅನುಮತಿಗಳು ಓಡಾಡಿ, ಅವರು ಇಲಿ ಬೆಳೆಸಿ, ಪೆಟ್ಟು ಮಾಡಿ, ಕಾದು, ನರ ಕೊಯ್ದು ಕಳಿಸಬೇಕು. ಯುಗಾದಿ ಹೋಯಿತು, ಗಣೇಶನೂ ಬಂದು ಹೋದ. ಅನು ಸಣ್ಣಗಾದಳು. ತಟ್ಟೆಯಲ್ಲಿ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಕೂರುತ್ತಿದ್ದಳು.

ಒಂದು ದಿನ ಮೆಟ್ಟಿಲ ಹತ್ತಿರ ಮೇಡಂ ಸಿಕ್ಕಾಗ ಕೇಳಿಯೇಬಿಟ್ಟೆ. ನನ್ನ ಕೈಯಲ್ಲಿ ಸೊಪ್ಪಿನ ಚೀಲವಿತ್ತು.

"ಅಷ್ಟು ದೂರದಿಂದ ತರಿಸಿ ನೋಡೋದಾದ್ರೂ ಏನನ್ನ ಮೇಡಂ?"

"ಏನೂ ಇಲ್ಲದ್ದನ್ನ."

"ಏನೂ ಇಲ್ಲದ್ದನ್ನ ನೋಡೋಕೆ ಇಷ್ಟು ತಿಂಗಳಾ?"

"ಇರೋದು ಎಲ್ಲರಿಗೂ ಕಾಣುತ್ತೆ," ಎಂದು ಅವರು ನನ್ನ ಚೀಲದ ಕಡೆ ನೋಡಿದರು. "ಮೆಂತ್ಯನಾ, ಸಬ್ಬಸಿಗೆನಾ?"

ಕಾಲೇಜಿನವರು ಇನ್ನೊಂದು ವರ್ಷ ಕಾಯಲು ಒಪ್ಪಿದರು, ಅದೇ ಕೊನೆ ಎಂದರು. ಮೇಡಂ ನಿವೃತ್ತಿಯೂ ಮುಂದಿನ ಬೇಸಿಗೆಗೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ನಡುಗುವ ಇಲಿಯ ನರ ಬಂತು. ಅನು ಆಂಟಿಬಾಡಿ ಹಾಕಿ ನೋಡಿದಳು. ಪಾಚಿ ಕೆರೆಯ ಹಾಗೆಯೇ, ಹಸಿರಾಗಿ, ಝಗ್ಗೆಂದು ಹೊಳೆಯಿತು.

ಇಲ್ಲದ ಪ್ರೋಟೀನು ಹೊಳೆಯಿತು ಎಂದರೆ, ಇದೆ ಎಂದುಕೊಂಡಿದ್ದ ಪ್ರೋಟೀನಿನ ಹೊಳಪೂ ಸುಳ್ಳೇ ಇರಬಹುದು. ಅನು ಅವತ್ತು ಮನೆಗೆ ಬಂದು ಚಪ್ಪಲಿ ಬಿಚ್ಚದೆ ಸೋಫಾದ ಮೇಲೆ ಕುಳಿತಳು. 

ಮರುದಿನ ಮೇಡಂ ಇನ್ನೊಂದು ಕೆಲಸ ಮಾಡಿಸಿದರು. ನಮ್ಮದೇ ಇಲಿಯ ಪೆಟ್ಟಾದ ನರ ತೆಗೆದುಕೊಂಡು, ಮೊದಲನೆಯ ಆಂಟಿಬಾಡಿ ಹಾಕದೆಯೇ, ಬಣ್ಣದ ಎರಡನೆಯದನ್ನು ಮಾತ್ರ ಹಾಕಿ ನೋಡು ಎಂದರು. ಹಿಡಿಯಲು ಏನೂ ಇಲ್ಲದ ಎರಡನೆಯದು ತೊಳೆದುಹೋಗಬೇಕಿತ್ತು. ಅದೂ ಹೊಳೆಯಿತು. ಅಲ್ಲಿಗೆ ಗುಟ್ಟು ಬಯಲಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಅನು ನನಗೆ ಬಿಡಿಸಿ ಹೇಳಿದಳು.

"ಛತ್ರದಲ್ಲಿ ಗಂಡಿನ ಕಡೆಯವರು ಗೊತ್ತಾಗ್ಲಿ ಅಂತ ಅವರಿಗೆಲ್ಲ ಒಂದೊಂದು ಗುಲಾಬಿ ಕೊಟ್ಟೆ ಅನ್ಕೋ. ಗುಲಾಬಿ ಇದ್ದೋರ್ನ ಮಾತ್ರ ಮೊದಲ ಪಂಕ್ತಿಗೆ ಕೂರಿಸಿ ಅಂತ ಬಡಿಸೋರಿಗೆ ಹೇಳಿದೆ. ಹೆಣ್ಣಿನ ಕಡೆಯವರು ಮನೆಯಿಂದಾನೇ ಗುಲಾಬಿ ಮುಡ್ಕೊಂಡು ಬಂದಿದ್ರೆ?"

ಅವರ ಆಂಟಿಬಾಡಿ ಚಿಟ್ಟಿಲಿಯಿಂದ ಮಾಡಿದ್ದು. ಬಣ್ಣದ ಎರಡನೆಯದು ಚಿಟ್ಟಿಲಿಯ ಯಾವ ಆಂಟಿಬಾಡಿಯನ್ನು ಕಂಡರೂ ಹಿಡಿಯುತ್ತದೆ. ಮೇಡಂ ಹಿಂದೆಲ್ಲ ಕೆಲಸ ಮಾಡುತ್ತಿದ್ದುದು ದೊಡ್ಡ ಜಾತಿಯ ಇಲಿಗಳ ಮೇಲೆ, ಆಗ ತೊಂದರೆಯಿರಲಿಲ್ಲ. ಆಮೇಲೆ ಲ್ಯಾಬು ಚಿಟ್ಟಿಲಿಗೆ ಬದಲಾಯಿತು, ಆಂಟಿಬಾಡಿ ಮಾತ್ರ ಹಳೆಯದೇ ಉಳಿಯಿತು. ಪೆಟ್ಟಾದ ನರದೊಳಗೆ ರಕ್ತ ಜಿನುಗುತ್ತದೆ, ರಕ್ತದಲ್ಲಿ ಚಿಟ್ಟಿಲಿಯ ಸ್ವಂತ ಆಂಟಿಬಾಡಿಗಳಿರುತ್ತವೆ. ಬಣ್ಣ ಅವನ್ನೇ ಹಿಡಿದುಕೊಂಡು ಹೊಳೆದಿತ್ತು. ಎರಡನೆಯದನ್ನು ಮಾತ್ರ ಹಾಕಿ ನೋಡುವ ಪರೀಕ್ಷೆಯನ್ನು ಅನು ಮೊದಲೇ ಮಾಡಿದ್ದಳು, ಆದರೆ ಪೆಟ್ಟಿಲ್ಲದ ಒಳ್ಳೆಯ ನರದ ಮೇಲೆ. ಅಲ್ಲಿ ರಕ್ತ ಜಿನುಗಿರಲಿಲ್ಲ, ಕತ್ತಲಾಗಿಯೇ ಇತ್ತು. ಸಾಕು, ಮುಂದೆ ಹೋಗು ಎಂದವರು ಮೇಡಮ್ಮೇ.

ನಾನು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಇದನ್ನು ಒಂದು ಮಧ್ಯಾಹ್ನದಲ್ಲಿ, ಅದೇ ಲ್ಯಾಬಿನಲ್ಲಿ, ಯಾವ ಊರಿನ ನಡುಗುವ ಇಲಿಯೂ ಇಲ್ಲದೆ ಕಂಡುಹಿಡಿಯಬಹುದಿತ್ತು. ಹೆಚ್ಚು ಕಡಿಮೆ ಒಂದು ವರ್ಷ ಸುಮ್ಮನೆ ಹೋಗಿತ್ತು. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಆ ವಾರ ಒಂದು ಸಂಜೆ ಮೇಡಂ ತಾವಾಗಿ ಕೆಳಗೆ ಬಂದರು. ಅನು ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಪ್ಪು ಅವಳದ್ದಲ್ಲ, ನನ್ನದು, ಅದನ್ನು ನಿಮಗೆ ಹೇಳಬೇಕಿತ್ತು ಎಂದರು. ನಾನು ದನಿ ಎತ್ತಿ ಮಾತನಾಡಿದವಳಲ್ಲ. ಅವತ್ತೂ ಎತ್ತಲಿಲ್ಲ.

"ನಿಮಗೆ ಎಲ್ಲರ ಮೇಲೂ ಅನುಮಾನ ಮೇಡಂ. ನಮ್ಮತ್ತೆ ಮಂಡಿ ಮೇಲೂ ಅನುಮಾನ. ನಿಮ್ಮ ಮೇಲೆ ಮಾತ್ರ ಬರ್ಲಿಲ್ಲ."

ಅವರು ಅಳುತ್ತಾರೆ, ಇಲ್ಲ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಯೋಚಿಸಿದರು.

"ಹೌದು," ಎಂದರು. "ಆ ಒಂದು ಕಂಟ್ರೋಲು ಬಿಟ್ಟುಹೋಗಿತ್ತು."

ಇಂಥ ಹೆಂಗಸಿನ ಹತ್ತಿರ ಜಗಳವಾಡುವುದಾದರೂ ಹೇಗೆ? ಕಾಫಿ ಕೊಟ್ಟೆ. ಸಕ್ಕರೆ ಹಾಕುವುದನ್ನು ಮರೆತೆ. ಅವರು ಕುಡಿದು ಲೋಟ ತೊಳೆದಿಟ್ಟು ಹೋದರು.

ಲ್ಯಾಬಿನ ಹಿರಿಯರೊಬ್ಬರು, ಪ್ರಬಂಧದ ಆ ಅಧ್ಯಾಯವನ್ನು ಹಾಗೇ ಇರಲು ಬಿಡಿ, ಯಾರು ಕೆದಕುತ್ತಾರೆ ಎಂದು ಅನುವಿಗೆ ಹೇಳಿದ್ದರಂತೆ. ನನಗೂ ಹಾಗೇ ಅನ್ನಿಸಿತ್ತು. ಅನು ಒಪ್ಪಲಿಲ್ಲ. ಮೇಡಂ ಮೊಲದಿಂದ ಮಾಡಿದ ಬೇರೆ ಆಂಟಿಬಾಡಿ ತರಿಸಿದರು. ನಿವೃತ್ತಿಯ ಬಾಗಿಲಲ್ಲಿ ನಿಂತವರು, ಬೆನ್ನುನೋವಿಗೆ ಪಟ್ಟಿ ಕಟ್ಟಿಕೊಂಡು, ವಿದ್ಯಾರ್ಥಿಯಂತೆ ಅನುವಿನ ಪಕ್ಕ ಕುಳಿತು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಭಾನುವಾರಗಳಲ್ಲಿ ಇಬ್ಬರಿಗೂ ಸೇರಿಸಿ ನಾನೇ ಬುತ್ತಿ ಕಟ್ಟುತ್ತಿದ್ದೆ. ಮೇಡಮ್ಮನ ಡಬ್ಬಿಯಲ್ಲಿ ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿರಲಿಲ್ಲ. ನನ್ನ ಕೋಪ ಅಷ್ಟರಮಟ್ಟಿಗಿತ್ತು.

ಸಲ್ಲಿಸಲು ಕೆಲವೇ ದಿನ ಉಳಿದಿದ್ದಾಗ ಮೇಡಂ ನನಗೆ ಫೋನು ಮಾಡಿ ಲ್ಯಾಬಿಗೆ ಬನ್ನಿ ಎಂದರು. ನರದ ಪದರ ಅಂಟಿಸಿದ ಹೊಸ ಗಾಜಿನ ಸ್ಲೈಡುಗಳಲ್ಲಿ ಏನೋ ಕಾಣುತ್ತಿದೆ, ಮಂಕಾಗಿ. ಅವರಿಗೂ ಅದು ಇರಲಿ ಎಂಬ ಆಸೆ, ಅನುವಿಗೂ ಆಸೆ, ಲ್ಯಾಬಿನಲ್ಲಿ ಎಲ್ಲರಿಗೂ ಆಸೆ. ಆಸೆಯಿದ್ದ ಕಣ್ಣಿಗೆ ಇಲ್ಲದ್ದೂ ಕಾಣುತ್ತದೆ. ಯಾವುದರಲ್ಲಿ ಏನಿರಬೇಕೆಂದು ಗೊತ್ತಿಲ್ಲದ ಕಣ್ಣು ಬೇಕಂತೆ.

"ನಾನು ಅವಳ ತಾಯಿ ಮೇಡಂ. ನನಗೆ ಆಸೆ ಇರಲ್ವಾ?"

"ಇರುತ್ತೆ. ಆದ್ರೆ ಯಾವುದಕ್ಕೆ ಹೌದು ಅಂದ್ರೆ ಅವಳಿಗೆ ಒಳ್ಳೇದು ಅಂತ ನಿಮಗೆ ಗೊತ್ತಿರಲ್ಲ."

ಕತ್ತಲು ಕೋಣೆ, ಕಪ್ಪು ಪರದೆ, ಎ.ಸಿ. ಚಳಿ. ಅನುವನ್ನು ಹೊರಗೆ ಕೂರಿಸಿದ್ದರು. ಸ್ಲೈಡುಗಳ ಹೆಸರಿನ ಮೇಲೆಲ್ಲ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿತ್ತು. ಆಫೀಸಿನ ಲೆಕ್ಕದ ಹೆಂಗಸಿನ ಕೈಯಲ್ಲಿ ಅವನ್ನು ಹಿಂದುಮುಂದು ಮಾಡಿಸಿದ್ದರಂತೆ, ತಮಗೂ ಗೊತ್ತಾಗದಿರಲಿ ಎಂದು. ಮೇಡಂ ಸ್ಲೈಡು ಇಟ್ಟು ನನ್ನ ಬೆನ್ನ ಹಿಂದೆ ಹೋಗಿ ನಿಂತರು. ತಮ್ಮ ಮುಖ ನೋಡಬಾರದು ಎಂದರು. ಅಡ್ಡ ಕೊಯ್ದ ನರದ ಹೊದಿಕೆ ಉಂಗುರದ ಹಾಗೆ ಕಾಣುತ್ತದಂತೆ. ಉಂಗುರ ಕಂಡರೆ ಇದೆ, ಕಾಣದಿದ್ದರೆ ಇಲ್ಲ, ಅಷ್ಟೇ ಹೇಳಬೇಕು.

ಮೊದಲನೆಯದು ಬರೀ ಕತ್ತಲು. ಎರಡನೆಯದೂ. ಕಣ್ಣಿನಲ್ಲಿ ನೀರು ತುಂಬಿತು, ಚಳಿಗೋ ಏನೋ. ಒರೆಸಿಕೊಂಡು ನೋಡಿದೆ. ಮೂರನೆಯದರಲ್ಲಿ, ತಿಳಿಸಾರಿನ ಮೇಲೆ ತುಪ್ಪ ಬಿಡಿಬಿಡಿಯಾಗಿ ತೇಲುವ ಹಾಗೆ, ಚಿಕ್ಕ ಚಿಕ್ಕ ಉಂಗುರಗಳಿದ್ದವು. ಫೋನಿನಲ್ಲಿ ನೋಡಿದ್ದ ಪಾಚಿಯಂತಲ್ಲ. ತೆಳ್ಳಗೆ, ಒಂದೊಂದೂ ಬೇರೆ ಬೇರೆ. ಇದೆ ಎಂದೆ. ನನ್ನ ದನಿ ನನಗೇ ಕೇಳಲಿಲ್ಲ, ಮತ್ತೆ ಹೇಳಿದೆ. ಆಮೇಲಿನದಕ್ಕೆ ಇಲ್ಲ ಎಂದೆ. ಹೀಗೇ ನಡೆಯಿತು. ಪ್ರತಿ ಸಲ ಬಾಯಿ ತೆರೆಯುವಾಗಲೂ ಮಗಳ ಕೆಲಸವನ್ನು ನಾನೇ ಕೊಡುತ್ತಿದ್ದೇನೋ ಕಿತ್ತುಕೊಳ್ಳುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಸುಳ್ಳು ಹೇಳಿಯಾದರೂ ಅವಳನ್ನು ಉಳಿಸೋಣವೆಂದರೆ ಯಾವುದು ಸುಳ್ಳು ಎಂಬುದೂ ಗೊತ್ತಿಲ್ಲ. ಬೆನ್ನ ಹಿಂದೆ ಮೇಡಂ ಉಸಿರು ಮಾತ್ರ ಕೇಳುತ್ತಿತ್ತು. ಅದೂ ನನ್ನದರಷ್ಟೇ ಜೋರಾಗಿತ್ತು.

ಮುಗಿದ ಮೇಲೆ ದೀಪ ಹಾಕಿದರು. ಪ್ಲಾಸ್ಟರುಗಳನ್ನು ಒಂದೊಂದಾಗಿ ಕಿತ್ತು, ನಾನು ಹೇಳಿದ್ದರ ಪಕ್ಕದಲ್ಲಿಟ್ಟು ನೋಡಿದರು. ಮತ್ತೊಮ್ಮೆ ಮೊದಲಿನಿಂದ ನೋಡಿದರು. ಸೇರಿಕೊಂಡೇ ಇರುತ್ತಿದ್ದ ಆ ಎರಡು ಬೆರಳುಗಳು ಬಿಟ್ಟುಕೊಂಡವು.

"ಇದೆ," ಎಂದರು. "ಕಮ್ಮಿ ಇದೆ. ಆದ್ರೆ ಇದೆ."

ಮೊದಲನೆಯ ಆಂಟಿಬಾಡಿ ಹಾಕದ ಖಾಲಿ ಸ್ಲೈಡು ಒಂದನ್ನೂ ನಾನು ಇದೆ ಎಂದಿರಲಿಲ್ಲವಂತೆ. ನಡುಗುವ ಇಲಿಯದ್ದನ್ನೂ ಇಲ್ಲ ಎಂದಿದ್ದೆನಂತೆ. ನಾಳೆ ಸಹಿ ಹಾಕುತ್ತೇನೆ, ಅಧ್ಯಾಯದ ತಲೆಬರಹದಲ್ಲಿ 'ಬೇಗನೇ' ಎಂಬ ಪದ ಮಾತ್ರ ತೆಗೆಯಬೇಕು ಎಂದರು. ಆ ಪದ ತೆಗೆದರೆ ಅನುವಿನ ಆರೇಳು ವರ್ಷದಲ್ಲಿ ಉಳಿಯುವುದೇನು ಎಂದು ಕೇಳುವ ಶಕ್ತಿ ನನಗಿರಲಿಲ್ಲ. ಸಹಿ ಎಂದರಲ್ಲ, ಅಷ್ಟು ಸಾಕಾಗಿತ್ತು. ಪರದೆ ಸರಿಸಿಕೊಂಡು ಹೊರಗೆ ಬಂದೆ.

ಅನು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಎದ್ದು ನಿಂತಳು. ಇದೆಯಂತೆ ಕಣೇ, ನಾಳೆ ಸಹಿ ಹಾಕುತ್ತಾರಂತೆ ಎಂದೆ. ಬಂದು ಅಪ್ಪಿಕೊಳ್ಳುತ್ತಾಳೆ ಎಂದು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಖಾಲಿ ಇರೋದನ್ನ ಒಂದಾದ್ರೂ ಇದೆ ಅಂದ್ಯಾ?" ಎಂದು ಕೇಳಿದಳು.

"ಇಲ್ವಂತೆ."

"ಅವರು ಹೇಳಿದ್ರಾ? ನೀನೇ ನೋಡಿದ್ಯಾ?"

ಅವಳು ನನ್ನ ಮುಖವನ್ನು ನೋಡುತ್ತಿರಲಿಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದಳು. ನಾನು ಉತ್ತರ ಕೊಡುವ ಮೊದಲೇ ನನ್ನನ್ನು ದಾಟಿ, ಪರದೆ ಎತ್ತಿ, ತಾನೇ ನೋಡಲು ಒಳಗೆ ಹೋದಳು. ನಾನು ಅವಳು ಬಿಟ್ಟುಹೋದ ಬೆಂಚಿನ ಮೇಲೆ ಕುಳಿತು, ಇಬ್ಬರೂ ಯಾವಾಗ ಹೊರಗೆ ಬರುತ್ತಾರೋ ಎಂದು ಕಾದೆ.